ಅತ್ತಿಗೆಗೆ, ಮುಳ್ಳು ಇಳಿದ ಸುದ್ದಿ

ಅತ್ತಿಗೆ,

ಹೀಗೆ ಕರೆದ ಕೂಡಲೇ ನೀನು ಮೂಗು ಮುರಿಯುತ್ತೀಯ ಎಂದು ಗೊತ್ತು. ಲ್ಯಾಬಿನಲ್ಲಿ ಪಕ್ಕದಲ್ಲೇ ಕೂತು ನನ್ನ ಸ್ಕ್ರೂಡ್ರೈವರ್ ಕದಿಯುತ್ತಿದ್ದವಳನ್ನು ಅತ್ತಿಗೆ ಎನ್ನಲು ನನಗೂ ನಗು ಬರುತ್ತದೆ. ಆದರೂ ಇವತ್ತು ಹಾಗೇ ಕರೆಯಬೇಕೆನಿಸಿತು. ಫೋನ್ ಮಾಡಿದರೆ ನಾನು ಎರಡು ಮಾತಾಡುವಷ್ಟರಲ್ಲಿ ಪುಟ್ಟಿ ಅಳುತ್ತಾಳೆ, ನೀನು ಓಡುತ್ತೀಯ, ಫೋನು ನಿಮ್ಮಮ್ಮನ ಕೈಗೆ ಹೋಗುತ್ತದೆ, ಅವರು ನನ್ನ ಊಟ ನಿದ್ದೆ ವಿಚಾರಿಸಿ ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ಮಗು ಮಲಗಿದಾಗ ಒಂದೊಂದು ಹಾಳೆ ಓದಿಕೋ.

ನಿನ್ನ ಮೆಸೇಜ್ ನೋಡಿದೆ. "ನಾನಿನ್ನು ಕೆಲಸಕ್ಕೆ ಬರೋದು ಅನುಮಾನ ಕಣೇ. ನನ್ನ ಜಾಗಕ್ಕೆ ಬೇರೆಯವರನ್ನ ತಗೊಳ್ಳಿ. ಚಿಪ್ ಏನಾಯ್ತು ಅಂತ ಕೇಳೋಕೂ ಧೈರ್ಯ ಇಲ್ಲ" ಎಂದು ಬರೆದಿದ್ದೀಯ. ಜಾಗದ ಮಾತು ಆಮೇಲೆ. ಚಿಪ್ ಏನಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆದರೆ ಬೇಜಾರು ಮಾಡಿಕೊಳ್ಳಬೇಡ. ಮುಂದೊಂದು ದಿನ ಪುಟ್ಟಿ ಇದನ್ನು ಓದಿದರೆ, ತಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಮತ್ತು ಅತ್ತೆ ಯಾವುದಕ್ಕಾಗಿ ಕಿತ್ತಾಡುತ್ತಿದ್ದರು ಎಂದು ಅವಳಿಗೂ ತಿಳಿಯಲಿ.

ಪುಟ್ಟಿ, ನಿನ್ನಮ್ಮ ಮಾಡಿದ ಚಿಪ್ ಉಗುರಿಗಿಂತ ಚಿಕ್ಕದು. ಅದಕ್ಕೆ ಅಂಕಿ ಕೊಟ್ಟರೆ ಅಲೆ ಕೊಡುತ್ತದೆ. ಕಂಪ್ಯೂಟರಿಗೆ ಅಂಕಿ ಮಾತ್ರ ಗೊತ್ತು, ಹೊರಗಿನ ಲೋಕಕ್ಕೆ ಬೇಕಾದದ್ದು ಏರಿಳಿಯುವ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಬದಲಿಸುವ ಕೆಲಸ ಇದರದು, ಅದೂ ಸೆಕೆಂಡಿಗೆ ನೂರಾರು ಕೋಟಿ ಸಲ. ಒಳಗೆ ಪುಟ್ಟ ಪುಟ್ಟ ಸ್ವಿಚ್ಚುಗಳ ಸಾಲುಗಳಿವೆ. ಒಂದೊಂದೂ ತನ್ನ ಪಾಲಿನ ಚೂರು ಕರೆಂಟು ಸುರಿಯುತ್ತದೆ. ಅಂಕಿ ಬದಲಾದಾಗ ಬೇಕಾದವೆಲ್ಲ ಒಂದೇ ಕ್ಷಣಕ್ಕೆ ತೆರೆಯಬೇಕು. ಅಷ್ಟೇ ಕೆಲಸ. ಆ ಅಷ್ಟೇ ಎನ್ನುವುದರಲ್ಲಿ ನಮ್ಮಿಬ್ಬರ ವರ್ಷಗಳು ಹೋದವು.

ಚಿಪ್ ತಯಾರಾಗಿ ಬಂದ ದಿನ ನೆನಪಿದೆಯಾ ಅತ್ತಿಗೆ? ಪೊಟ್ಟಣ ಒಡೆಯುವ ಮೊದಲು ನೀನು ಅದಕ್ಕೆ ಕೈಮುಗಿದೆ, ನಾನು ಆಡಿಕೊಂಡೆ. ಚಿಪ್ಪನ್ನು ಅಳೆಯುವ ಯಂತ್ರದ ಪರದೆಯ ಮೇಲೆ ಒಂದೇ ಒಂದು ಎತ್ತರದ ಗೆರೆ ಬರಬೇಕಿತ್ತು, ಬಂತು. ಅದರ ಪಕ್ಕದಲ್ಲಿ ಕರೆಯದೆ ಬಂದ ಇನ್ನೊಂದು ಗಿಡ್ಡ ಗೆರೆ. ನಾವು ಮುಳ್ಳು ಎಂದು ಕರೆಯುತ್ತಿದ್ದೆವಲ್ಲ, ಅದೇ. ನಮ್ಮ ಚಿಪ್ ಹೋಗಬೇಕಿದ್ದದ್ದು ಮೈಯೊಳಗಿನ ಚಿತ್ರ ತೆಗೆಯುವ ಆಸ್ಪತ್ರೆ ಯಂತ್ರಕ್ಕೆ. ಅಲ್ಲಿ ಇಂಥ ಮುಳ್ಳೊಂದು ಚಿತ್ರಕ್ಕೆ ಅಡ್ಡಗೆರೆ ಎಳೆಯುತ್ತದೆ. ಇಲ್ಲದ್ದನ್ನು ಇದೆ ಎಂದು ಡಾಕ್ಟರಿಗೆ ತೋರಿಸುತ್ತದೆ, ಇದ್ದದ್ದನ್ನು ಮುಚ್ಚಿಬಿಡುತ್ತದೆ.

ಅಲ್ಲಿಂದ ಶುರುವಾಯಿತು ನಮ್ಮ ಮಹಾಯುದ್ಧ. ಸ್ವಿಚ್ಚುಗಳು ನಿನ್ನವು, ಅವುಗಳಿಗೆ ತಾಳ ಹಾಕುವ ಗಡಿಯಾರದ ಸರ್ಕೀಟು ನನ್ನದು. "ನಿನ್ನ ತಾಳ ಸೊಟ್ಟ" ಎಂದು ನೀನು, "ನಿನ್ನ ಸ್ವಿಚ್ಚು ಸೋಮಾರಿ" ಎಂದು ನಾನು. ಲ್ಯಾಬಿನಲ್ಲಿ ಮುಗಿಯದ್ದು ಮನೆಗೂ ಬಂತು. ಊಟದ ಮೇಜಿನ ಮೇಲೆ ಚಮಚಗಳನ್ನು ಸಾಲಾಗಿ ಜೋಡಿಸಿ ಯಾವ ತಂತಿ ಎಷ್ಟು ದೂರ ಎಂದು ನೀನು ವಾದ ಮಾಡುತ್ತಿದ್ದರೆ, ನಮ್ಮಣ್ಣ ಬಡಪಾಯಿ ತಿನ್ನಲು ಚಮಚವಿಲ್ಲದೆ ಕೂತಿರುತ್ತಿದ್ದ. ಹಲ್ಲಿನ ಡಾಕ್ಟರ್ ಅಲ್ಲವೇ, ಕೊನೆಗೆ ಒಂದು ದಿನ ಹೇಳಿದ: "ಬೆಳಗಿಂದ ಸಂಜೆವರೆಗೂ ಬಾಯಿ ತೆಗೀರಿ, ಬಾಯಿ ತೆಗೀರಿ ಅಂತ ಬೇಡ್ಕೋತೀನಿ. ಮನೇಲಾದ್ರೂ ಬಾಯಿ ಮುಚ್ಚಿ ಅನ್ನೋ ಅವಕಾಶ ಕೊಡ್ತೀರಲ್ಲ, ನೀವಿಬ್ರೂ ತಣ್ಣಗಿರಿ."

ಆಮೇಲೆ ನೋಡಿದರೆ ತಪ್ಪು ಯಾರದೂ ಆಗಿರಲಿಲ್ಲ. ಆ ನಿರಾಸೆ ಇಬ್ಬರಿಗೂ ಆಯಿತು. ಎಷ್ಟೇ ಜೋಪಾನವಾಗಿ ಮಾಡಿದರೂ ಒಂದು ಸ್ವಿಚ್ಚು ಇನ್ನೊಂದರಂತೆ ಇರುವುದಿಲ್ಲ. ಒಂದು ಕೂದಲೆಳೆ ಮುಂಚೆ, ಇನ್ನೊಂದು ಕೂದಲೆಳೆ ತಡ. ಅವು ಪ್ರತಿ ಸಲವೂ ಅದೇ ಕ್ರಮದಲ್ಲಿ ಎಡವುವುದರಿಂದ ಆ ಎಡವಿಕೆಗೇ ಒಂದು ರಾಗ ಬಂದುಬಿಡುತ್ತದೆ, ಅದೇ ಮುಳ್ಳು. ನೀನು ಇದನ್ನು ಮುಂಚೆಯೇ ಊಹಿಸಿ, ಯಾವ ಸ್ವಿಚ್ಚು ಯಾವಾಗ ಬರಬೇಕೆಂದು ಪ್ರತಿ ಸಲ ಕಲಸಿಬಿಡುವ ಒಂದು ಸಣ್ಣ ಭಾಗವನ್ನು ಚಿಪ್ಪಿನೊಳಗೇ ಇಟ್ಟಿದ್ದೆ. ಆದರೆ ಅದನ್ನು ಚಾಲೂ ಮಾಡಿ ನೋಡುವ ಮೊದಲೇ ಆ ಮಂಗಳವಾರ ಬಂತು.

ನೀನು ಕೇಬಲಿನ ತುದಿ ಬಿಗಿಯುತ್ತಿದ್ದೆ. ಸ್ಪ್ಯಾನರಿನ ಟಿಕ್ ಸದ್ದು ಕೇಳಿತು. ಆಮೇಲೆ ನೀನು ನಿಧಾನವಾಗಿ ನೆಲದ ಮೇಲೆ ಕೂತು, "ಲೈಟ್ ಯಾಕೆ ಆರಿಸ್ದೆ?" ಎಂದು ಕೇಳಿದೆ. ಅತ್ತಿಗೆ, ಲೈಟೆಲ್ಲ ಉರಿಯುತ್ತಿತ್ತು. ನಡು ಮಧ್ಯಾಹ್ನ, ಕಿಟಕಿಯ ಪರದೆಯೂ ತೆರೆದಿತ್ತು. ನಾನು ನಿನ್ನ ಕಡೆ ಓಡಿದೆ, ಮೈಯ ಕರೆಂಟು ಚಿಪ್ಪಿಗೆ ತಗಲದಿರಲೆಂದು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪಟ್ಟಿಯ ವೈರು ಮೇಜಿಗೆ ಸಿಕ್ಕಿಸಿಯೇ ಇತ್ತು, ಅದು ನನ್ನನ್ನು ಹಿಂದಕ್ಕೆಳೆದು ಬೀಳಿಸಿತು. ಇಬ್ಬರೂ ನೆಲದ ಮೇಲೆ. ನೀನು ಆಗಲೂ ನಕ್ಕೆ. ನಾನು ಪಟ್ಟಿ ಬಿಚ್ಚೆಸೆದು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ರಕ್ತದೊತ್ತಡ ಏರಿದೆ, ಹೆರಿಗೆಯವರೆಗೂ ಆಸ್ಪತ್ರೆಯಲ್ಲೇ ಇರಬೇಕು, ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದರು ಡಾಕ್ಟರು. ಹಿಂದಿನ ಸಲ ಕೈಗೆ ಬಾರದೆ ಹೋದ ಮಗುವಿನ ನೆನಪು ಎಲ್ಲರ ಮನಸ್ಸಿನಲ್ಲೂ ಇತ್ತು, ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ನಿಮ್ಮಮ್ಮ ಮಾರನೆಯ ದಿನವೇ ಬಂದಿಳಿದು ನಿನ್ನ ಕೋಣೆಯ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡರು. ನಿನ್ನ ಲ್ಯಾಪ್‌ಟಾಪ್ ಅವರ ಚೀಲ ಸೇರಿತು. "ಬಂದವರು ಅವಳ ಆರೋಗ್ಯ ಕೇಳಿ, ನಾಲ್ಕು ನಗುವಿನ ಮಾತಾಡಿ, ಹೋಗಿ. ಚಿಪ್ಪು ಗಿಪ್ಪು ಅಂತ ಶುರು ಮಾಡಿದ್ರೆ ಮುಲಾಜಿಲ್ಲ, ಹೊರಗೆ" ಎಂದು ನನ್ನ ಮುಖಕ್ಕೇ ಹೇಳಿದರು.

ಇತ್ತ ಆ ಆಸ್ಪತ್ರೆ ಯಂತ್ರ ಮಾಡುವ ಕಂಪನಿಯವರು ಚಿಪ್ ನೋಡಲು ಬರುವ ದಿನ ಬಂತು. ನಮ್ಮ ಮ್ಯಾನೇಜರ್ ಗಡುವಪ್ಪನನ್ನು ನೀನು ಬಲ್ಲೆಯಲ್ಲ, ಗಡುವು ಎನ್ನದೆ ಒಂದು ವಾಕ್ಯ ಮುಗಿಸದವನು. "ಪರದೆ ಮೇಲೆ ಮುಳ್ಳು ಏಳೋ ಜಾಗಕ್ಕೆ ನೀನಾಗಿ ಹೋಗ್ಬೇಡ. ಅವರು ಕೇಳಿದ್ರೆ ತೋರಿಸು. ಇದು ಕೈ ತಪ್ಪಿದ್ರೆ ಈ ಪ್ರಾಜೆಕ್ಟೇ ಮುಚ್ಚಿಹೋಗತ್ತೆ" ಎಂದ. ಅವನ ಧ್ವನಿಯಲ್ಲಿ ಮೋಸವಿರಲಿಲ್ಲ, ಭಯವಿತ್ತು.

ಬಂದವರು ಆ ಕಂಪನಿಯ ಹಿರಿಯ ಇಂಜಿನಿಯರಮ್ಮ. ಕತ್ತರಿಸಿದ ಬಿಳಿ ಕೂದಲು, ಕೊರಳಲ್ಲಿ ಕನ್ನಡಕದ ದಾರ. ಅವರು ನಮ್ಮ ಮೇಜಿನ ಮುಂದೆ ಕೂತು ಪರದೆಗೆ ಮುಖ ಹತ್ತಿರ ತಂದಾಗ ನನಗೆ ಆಸ್ಪತ್ರೆಯಲ್ಲಿ ನಿನ್ನ ಹೊಟ್ಟೆಯೊಳಗಿನ ಚಿತ್ರ ತೆಗೆಯುತ್ತಿದ್ದ ಡಾಕ್ಟರು ಹಾಗೆಯೇ ಬಗ್ಗಿ ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಕೈ ತಾನಾಗಿ ಹೋಯಿತು. ಮುಳ್ಳು ಏಳುವ ಜಾಗಕ್ಕೇ ಹೋಗಿ ನಿಲ್ಲಿಸಿ, "ನಮ್ಮ ತೊಂದರೆ ಇಲ್ಲಿದೆ ಮೇಡಂ" ಎಂದೆ. ಗಡುವಪ್ಪ ಗೋಡೆ ನೋಡತೊಡಗಿದ.

ಆಮೇಲೆ, ಆಸ್ಪತ್ರೆಯ ಓಡಾಟದಲ್ಲಿ ಅಲ್ಲಿಯವರೆಗೂ ಮುಟ್ಟಿರದ, ನೀನಿಟ್ಟಿದ್ದ ಕಲಸುವ ಭಾಗವನ್ನು ಮೊದಲ ಸಲ ಚಾಲೂ ಮಾಡಿದೆ. ನೋಡನೋಡುತ್ತ ಮುಳ್ಳು ಕರಗಿಹೋಯಿತು! ನಾನು ಕುಣಿಯುವುದೊಂದು ಬಾಕಿ. ಅವರು ಕನ್ನಡಕ ಏರಿಸಿ, ಪರದೆಯ ಕೆಳಭಾಗಕ್ಕೆ ಬೆರಳಿಟ್ಟರು. ಮುಳ್ಳು ಎಲ್ಲೂ ಹೋಗಿರಲಿಲ್ಲ, ಪುಡಿಯಾಗಿ ಉದ್ದಕ್ಕೂ ಹರಡಿಕೊಂಡಿತ್ತು. ಕೆಳಗಿನ ನುಣುಪು ಗೆರೆ ಮೇಲೆದ್ದು ಹುಲ್ಲಿನಂತೆ ಅಲ್ಲಾಡುತ್ತಿತ್ತು. "ರೇಡಿಯೋಗಾದ್ರೆ ಇಷ್ಟು ಧಾರಾಳವಾಗಿ ಸಾಕಮ್ಮ" ಎಂದರು. "ನಮ್ಮ ಯಂತ್ರ ಮೈಯೊಳಗಿಂದ ಬರೋ ಪಿಸುಮಾತು ಕೇಳ್ಬೇಕು. ಈ ಗುಜುಗುಜು ಮಧ್ಯೆ ಅದು ಹೇಗೆ ಕೇಳತ್ತೆ?" ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಮುಚ್ಚಿಡದೆ ತೋರಿಸಿದ್ರಿ. ಅದಕ್ಕೇ ಇನ್ನೊಂದು ಸಲ ಬರ್ತೀನಿ" ಎಂದರು.

ಚಿಪ್ಪಿನ ವೇಗ ಅರ್ಧಕ್ಕಿಳಿಸಿ ಬೇರೆ ಯಾರಿಗಾದರೂ ಮಾರೋಣ ಎಂದು ಗಡುವಪ್ಪ ಲೆಕ್ಕ ಹಾಕತೊಡಗಿದ. ನನಗೆ ತಲೆ ಓಡಲಿಲ್ಲ. ನಿನ್ನನ್ನು ಕೇಳದೆ ಗತಿಯಿಲ್ಲ, ಕೇಳಿದರೆ ನಿಮ್ಮಮ್ಮ ಬಿಡುವುದಿಲ್ಲ. ಆ ಭಾನುವಾರ ನಡೆದದ್ದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಅದನ್ನು ನೆನೆದರೆ ಈಗಲೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ.

ನೀನು ಎಡಗಡೆಗೆ ಹೊರಳಿ ಮಲಗಿದ್ದೆ. ನಿಮ್ಮಮ್ಮ ಸ್ಟೂಲಿನ ಮೇಲೆ ಸ್ವೆಟರ್ ಹೆಣೆಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಅತ್ತಿಗೆ, ಆ ಮದುವೆ ಮನೆ ಗ್ರೂಪ್ ಫೋಟೋ ಹಾಳಾಯ್ತಂತೆ" ಎಂದೆ. ನೀನು ಕಣ್ಣು ಕಿರಿದು ಮಾಡಿದೆ. "ಯಾವ ಮದುವೆ?" "ಅದೇ, ನಿನ್ನ ಫ್ರೆಂಡ್ ಕಡೆಯವರದ್ದು. ಫೋಟೋದವನು ರೆಡಿ ಅಂದಾಗ ಎಲ್ಲರೂ ಒಟ್ಟಿಗೆ ಎದ್ದು ನಿಲ್ಬೇಕಿತ್ತು. ಕೆಲವರು ಮುಂಚೆ ಎದ್ರು, ಕೆಲವರು ಲೇಟು. ಪ್ರತಿ ಫೋಟೋದಲ್ಲೂ ಅವರೇ ಮುಂಚೆ, ಅವರೇ ಲೇಟು." ನಿನ್ನ ತುಟಿ ಅಲ್ಲಾಡಿತು. ಅರ್ಥವಾಗಿತ್ತು. "ಸರಿ, ಜನರನ್ನ ಕಲಸಿ ಕೂರಿಸಿ ನೋಡಿದ್ರಾ?" ಎಂದು ಕೇಳಿದೆ. "ನೋಡಿದ್ವಿ. ಒಬ್ಬರ ಮೇಲೆ ಕಣ್ಣು ಹೋಗೋದು ತಪ್ತು. ಆದರೆ ಫೋಟೋ ಪೂರ್ತಿ ಮಬ್ಬಾಯ್ತು. ಹುಡುಗಿ ಕಡೆ ಹಿರಿಯರು ಬೇಡ ಅಂದ್ಬಿಟ್ರು."

ನಿಮ್ಮಮ್ಮ ಹೆಣಿಗೆ ನಿಲ್ಲಿಸಿದರು. "ಯಾರೇ ಅದು ಲೇಟಾಗಿ ಏಳೋರು? ಅಂಥವರನ್ನ ಮದುವೆಗೆ ಯಾಕೆ ಕರೀಬೇಕು?" ನೀನು ಗಂಭೀರವಾಗಿ, "ಕರೀದಿದ್ರೆ ಅವರ ಪಾಲಿನ ಭಾರ ಯಾರಮ್ಮ ಹೊರ್ತಾರೆ?" ಎಂದೆ. ಅವರಿಗೆ ಅದು ಸರಿ ಎನಿಸಿತು. "ಅದೂ ನಿಜ. ಬಂಧುಗಳಂದ್ರೆ ಹಾಗೇ" ಎಂದು ತಲೆಯಾಡಿಸಿದರು. ನನಗೆ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿಕೊಂಡೆ.

ನೀನು ಬೆರಳು ಮಡಚಿ ಬಿಚ್ಚಿ ಏನೋ ಎಣಿಸಿದೆ. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದೆ: "ಕಲಸೋದು ಬಿಡು. ಯಾರು ಎಷ್ಟು ಮುಂಚೆ, ಯಾರು ಎಷ್ಟು ತಡ, ಒಬ್ಬೊಬ್ಬರನ್ನೇ ನೋಡಿ ತಿಳ್ಕೋ. ಆಮೇಲೆ ಮುಂಚೆ ಏಳೋರ ಜೊತೆಗೆ ಅಷ್ಟೇ ತಡ ಮಾಡೋರನ್ನ ಕೂರಿಸು. ಪ್ರತಿ ಜೋಡೀನೂ ಒಟ್ಟಿನಲ್ಲಿ ಸಮಯಕ್ಕೆ ಸರಿಯಾಗಿ ಎದ್ದ ಹಾಗೆ ಆಗತ್ತೆ. ಕೂರಿಸೋ ಕ್ರಮ ಬದಲಾಯಿಸೋಕೆ ಜಾಗ ಇದ್ದೇ ಇದೆಯಲ್ಲ." ಇತ್ತು! ಕಲಸುವ ಭಾಗದೊಳಗೆ ಸ್ವಿಚ್ಚುಗಳ ಸರದಿ ಬರೆಯುವ ಕೋಷ್ಟಕವಿತ್ತು. ಅದನ್ನು ಕಲಸಲು ಬಿಡದೆ ನಮಗೆ ಬೇಕಾದ ಸರದಿಯನ್ನೇ ತುಂಬಿ ನಿಲ್ಲಿಸಬಹುದಿತ್ತು. ಹೊಸ ಚಿಪ್ ಬೇಕಿರಲಿಲ್ಲ. ನಾನು ನಿನ್ನ ಹಣೆಗೆ ಮುತ್ತಿಟ್ಟು ಓಡಿದೆ. ಹಿಂದಿನಿಂದ ನಿಮ್ಮಮ್ಮ, "ಒಂದು ಫೋಟೋಗೆ ಇಷ್ಟು ಸಂಭ್ರಮಾನಾ?" ಎನ್ನುತ್ತಿದ್ದದ್ದು ಕೇಳಿತು.

ಇಲ್ಲಿಂದ ಮುಂದಿನದು ನೀನು ನೋಡದ ಭಾಗ. ಒಂದೊಂದೇ ಸ್ವಿಚ್ಚನ್ನು ತೆರೆದು ಮುಚ್ಚುತ್ತ, ಉಳಿದವನ್ನೆಲ್ಲ ಸುಮ್ಮನಿರಿಸಿ, ಒಂದೇ ಒಂದು ಸ್ವಿಚ್ಚಿಗೆ ಹೋಲಿಸಿ ಅಳೆಯತೊಡಗಿದೆ. ತಡವೆಂದರೆ ಎಷ್ಟು ತಡ! ಅಷ್ಟು ಸಣ್ಣ ಹೊತ್ತಿಗೆ ಯಾವ ಮನುಷ್ಯನೂ ಇನ್ನೊಬ್ಬನನ್ನು ತಡ ಎಂದು ಬೈದಿರಲಿಕ್ಕಿಲ್ಲ. ಒಂದು ಅಳತೆಯನ್ನು ನಂಬಲಾಗದೆ ಸಾವಿರ ಸಲ ಅಳೆದು ಸರಾಸರಿ ತೆಗೆಯಬೇಕು. ಯಾರಾದರೂ ಬಾಗಿಲು ತೆರೆದು ತಣ್ಣನೆ ಗಾಳಿ ಒಳಗೆ ಬಂದರೂ ಲೆಕ್ಕ ಕದಲುತ್ತಿತ್ತು. ಬಾಗಿಲಿಗೆ "ಒಳಗೆ ಬಂದರೆ ಕಚ್ಚುತ್ತೇನೆ" ಎಂದು ಬರೆದು ಅಂಟಿಸಿದೆ. ಗಡುವಪ್ಪ ಕೂಡ ತಟ್ಟಿ, ಉತ್ತರ ಬಂದ ಮೇಲೆಯೇ ಒಳಗೆ ಬರುತ್ತಿದ್ದ. ನೀನು ಖಾಲಿ ಬಿಟ್ಟುಹೋದ ಕುರ್ಚಿಯ ಕಡೆಗೆ ತಿರುಗಿ ದಿನಕ್ಕೆಷ್ಟೋ ಸಲ, "ಏ, ಇದು ನೋಡು" ಎನ್ನುತ್ತಿದ್ದೆ. ಆಮೇಲೆ ನೆನಪಾಗುತ್ತಿತ್ತು.

ಜೋಡಿಗಳನ್ನು ಹೊಂದಿಸಿ ಕೋಷ್ಟಕ ತುಂಬಿದ ಬೆಳಿಗ್ಗೆ ಮುಳ್ಳು ಇಳಿಯಿತು ಅತ್ತಿಗೆ. ಕೆಳಗಿನ ಗೆರೆಯೂ ಮೇಲೇಳಲಿಲ್ಲ. ನಾನು ಕೂಗಲಿಲ್ಲ, ಯಾಕೋ ಭಯವಾಯಿತು. ಭಯ ಸುಳ್ಳಾಗಲಿಲ್ಲ. ಬಿಸಿ ಪೆಟ್ಟಿಗೆಯೊಳಗಿಟ್ಟು ಕಾಯಿಸಿದಾಗ ಮುಳ್ಳು ಮತ್ತೆ ತಲೆಯೆತ್ತಿತು. ತಣ್ಣಗಿದ್ದಾಗ ಜೋಡಿಯಾದವರು ಬಿಸಿಯಾದಾಗ ಹೊಂದುವುದಿಲ್ಲ. ಆಸ್ಪತ್ರೆಯ ಯಂತ್ರ ದಿನವಿಡೀ ಓಡುತ್ತದೆ, ಬಿಸಿಯಾಗದೆ ಇರುತ್ತದೆಯೇ? ಮತ್ತೆ ಮೊದಲಿನಿಂದ, ಈ ಸಲ ಬಿಸಿಯಲ್ಲೂ ಅಳೆದು, ಎರಡೂ ಸ್ಥಿತಿಯಲ್ಲಿ ಹೊಂದುವ ಜೋಡಿಗಳನ್ನು ಹುಡುಕಬೇಕಾಯಿತು.

ಆ ಅಳತೆ ಅರ್ಧವಾಗಿದ್ದಾಗ ಆಸ್ಪತ್ರೆಯಿಂದ ಅಣ್ಣನ ಫೋನ್. "ಬಾ" ಎಂದ, ಅಷ್ಟೇ. ನಾನು ಅಳತೆ ನಿಲ್ಲಿಸಲು ಹೊರಟಾಗ ಗಡುವಪ್ಪ ಒಳಗೆ ಬಂದಿದ್ದ. ನನ್ನ ಮುಖ ನೋಡಿ ಅಂಗಿಯ ತೋಳು ಮಡಚಿದ. "ನೀನು ಹೋಗು. ಇದನ್ನ ನಾನು ನೋಡ್ಕೋತೀನಿ. ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಕಾಯಿಸಬೇಕಾಗತ್ತೆ, ಗೊತ್ತು ನನಗೆ." ಎಷ್ಟೋ ವರ್ಷದಿಂದ ಮೀಟರ್ ಮುಟ್ಟದವನು ಅಂದು ನನ್ನ ಸ್ಟೂಲಿನ ಮೇಲೆ ಕೂತು ಪೂರ್ತಿ ಅಳತೆ ಮುಗಿಸಿದ. ಒಂದೇ ಒಂದು ತಪ್ಪಿಲ್ಲ. ನಡುವೆ ನನಗೆ ಮೆಸೇಜ್ ಕಳಿಸಿದ್ದ: "ಅವರು ಹೇಗಿದ್ದಾರೆ ಹೇಳು. ಗಡುವಿನ ಮಾತು ಬೇಡ." ನೀನು ಇನ್ನು ಮುಂದೆ ಅವನನ್ನು ಅಷ್ಟೊಂದು ಆಡಿಕೊಳ್ಳಬಾರದು. ಸ್ವಲ್ಪ ಆಡಿಕೊಳ್ಳಬಹುದು.

ಪುಟ್ಟಿ ದಿನ ತುಂಬುವ ಮೊದಲೇ ಬಂದಳು. ಗಾಜಿನ ಪೆಟ್ಟಿಗೆಯೊಳಗೆ ಮುಷ್ಟಿ ಬಿಗಿದುಕೊಂಡು, ಯಾರ ಮೇಲೋ ಸಿಟ್ಟಾದವಳಂತೆ ಮಲಗಿದ್ದಳು. ನಿನ್ನದೇ ಮುಖ. ಅವಳು ಪೆಟ್ಟಿಗೆಯಿಂದ ಹೊರಬಂದು ನಿನ್ನ ತೋಳು ಸೇರಿದ ವಾರ, ನೀನು ತವರಿಗೆ ಹೊರಟೆ. ಬಿಸಿಗೂ ತಂಪಿಗೂ ಹೊಂದುವ ಜೋಡಿಗಳನ್ನು ನಾನು ಕೋಷ್ಟಕಕ್ಕೆ ತುಂಬಿ ಮುಗಿಸಿದ ಮೇಲೆ ಬಿಳಿ ಕೂದಲಿನ ಇಂಜಿನಿಯರಮ್ಮ ಮತ್ತೆ ಬಂದರು.

ಅವರು ಈ ಸಲ ನನ್ನನ್ನು ಎಬ್ಬಿಸಿ ತಾವೇ ಕೂತರು. ತಮಗೆ ಬೇಕಾದ ಕಡೆಗೆಲ್ಲ ಹೋಗಿ ನೋಡಿದರು. ಬಿಸಿ ಮಾಡಿಸಿದರು, ತಣಿಸಿದರು, ವೇಗ ಪೂರ್ತಿ ಏರಿಸಿದರು. ಪರದೆಯ ಮೇಲೆ ಒಂದೇ ಗೆರೆ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಹುಡುಕಿದರೆ ಮಾತ್ರ ಸಿಗುವಷ್ಟು ಚಿಕ್ಕ ಮೊಳಕೆ, ಅವರ ಮಿತಿಗಿಂತ ಎಷ್ಟೋ ಕೆಳಗೆ. ಬಹಳ ಹೊತ್ತಾದ ಮೇಲೆ ಕನ್ನಡಕ ತೆಗೆದು, "ಇದು ಯಾರ ಯೋಚನೆ?" ಎಂದು ಕೇಳಿದರು. ಗಡುವಪ್ಪ ನನ್ನ ಕಡೆ ನೋಡಿದ. ನಾನು ನಿಜ ಹೇಳಿದೆ. ಈ ಸ್ವಿಚ್ಚುಗಳನ್ನು ಮಾಡಿದವಳು ನನ್ನ ಅತ್ತಿಗೆ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡು ತನ್ನಮ್ಮನಿಗೆ ಗೊತ್ತಾಗದ ಹಾಗೆ ದಾರಿ ಹೇಳಿಕೊಟ್ಟವಳೂ ಅವಳೇ ಎಂದು ಮದುವೆ ಫೋಟೋದ ಕಥೆಯನ್ನೆಲ್ಲ ಹೇಳಿದೆ. ಆ ಗಂಭೀರದ ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಡುವಪ್ಪನಿಗೆ, "ನಾವು ಒಪ್ಪಿದ್ದೀವಿ. ಆದರೆ ಮುಂದಿನ ಚಿಪ್ ಇದರ ಎರಡರಷ್ಟು ವೇಗದ್ದು ಬೇಕು. ಅದಕ್ಕೆ ಆ ಹೆಣ್ಣುಮಗಳು ಇರ್ತಾರಲ್ವಾ?" ಎಂದರು. ಗಡುವಪ್ಪ ಏನೆಂದ ಗೊತ್ತೇ? "ಅದನ್ನ ಅವರೇ ಹೇಳ್ಬೇಕು. ನಾವು ಕಾಯ್ತೀವಿ" ಎಂದ. ಕಾಯ್ತೀವಿ ಎನ್ನುವ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅತ್ತಿಗೆ, ಬಾ ಎಂದು ನಾನು ನಿನ್ನನ್ನು ಪೀಡಿಸುವುದಿಲ್ಲ. ನೆಲದ ಮೇಲೆ ಕೂತು ಲೈಟ್ ಯಾಕೆ ಆರಿಸಿದೆ ಎಂದು ಕೇಳಿದ ಮುಖವನ್ನು ನೋಡಿದವಳು ನಾನು. ನೀನು ಹೆದರಿದ್ದರೆ ಅದು ನ್ಯಾಯವಾದ ಹೆದರಿಕೆ. ವರ್ಷ ಬಿಟ್ಟು ಬಂದರೂ ಸರಿ, ಅರ್ಧ ದಿನ ಬಂದರೂ ಸರಿ, ಬಾರದೆ ಪುಟ್ಟಿಯ ಜೊತೆಗೇ ಇದ್ದರೂ ಸರಿ. ಆದರೆ ನಿನ್ನಿಂದ ಏನೂ ಆಗಲಿಲ್ಲ, ನೀನು ಅರ್ಧಕ್ಕೇ ಬಿಟ್ಟುಹೋದೆ ಎಂದು ಮಾತ್ರ ಅಂದುಕೊಳ್ಳಬೇಡ. ಆ ಒಂದು ಕಾರಣಕ್ಕೆ ನೀನು ಬಾರದಿದ್ದರೆ ಮಾತ್ರ ನಾನು ಜಗಳಕ್ಕೆ ಬರುತ್ತೇನೆ.

ಇನ್ನೊಂದು ಸಂಗತಿ ಇದೆ. ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಹೆರಿಗೆಯ ದಿನ ನಿನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಮ್ಮಣ್ಣ ಕಾರಿಡಾರಿನ ಕೊನೆಗೆ ಹೋಗಿ ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟ. ಮಾತಾಡಿಸಿದರೂ ಕೇಳಿಸುತ್ತಿರಲಿಲ್ಲ. ನಿಮ್ಮಮ್ಮ ಬೆಂಚಿನ ಮೇಲೆ ಕೂತು, ಸೂಜಿಯಿಲ್ಲದ ಕೈಯಲ್ಲೇ ಹೆಣೆಯುವ ಹಾಗೆ ಬೆರಳು ಆಡಿಸುತ್ತಿದ್ದರು. ಬಾಗಿಲು ತೆರೆದು ನರ್ಸ್ ಹೊರಗೆ ಬಂದು ಕೇಳಿದಳು, "ಒಳಗಿರೋರ ಕಡೆಯವರು ಯಾರು? ನೀವು ಅವರಿಗೆ ಏನಾಗ್ಬೇಕು?"

"ನಾನು ಅವಳ ತಂಗಿ" ಎಂದುಬಿಟ್ಟೆ.

ನಾದಿನಿ ಎನ್ನುವ ಪದ ಬಾಯಿಗೆ ಬರಲೇ ಇಲ್ಲ. ಹೇಳಿದ ಮೇಲೆ ನನಗೇ ಗಾಬರಿಯಾಗಿ ನಿಮ್ಮಮ್ಮನ ಕಡೆ ನೋಡಿದೆ. ಅವರು ತಿದ್ದಲಿಲ್ಲ. ನರ್ಸ್ ಒಳಗೆ ಹೋದ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿ, "ಬಾ ಮಗಳೇ, ಕೂತ್ಕೋ. ಅಕ್ಕ ಬರ್ತಾಳೆ" ಎಂದರು. ಒಳಗಿಂದ ಮಗುವಿನ ಅಳು ಕೇಳಿಸುವವರೆಗೂ ನನ್ನ ಕೈ ಬಿಡಲಿಲ್ಲ.

ಪುಟ್ಟಿ ಚೆನ್ನಾಗಿ ಹಾಲು ಕುಡಿದು, ಕೈಕಾಲು ತುಂಬಿಕೊಂಡು, ನಿನ್ನಷ್ಟೇ ಹಟಮಾರಿಯಾಗಿ ಬೆಳೆಯಲಿ. ನೀನು ಹೊತ್ತು ಹೊತ್ತಿಗೆ ಉಣ್ಣು, ಅವಳು ಮಲಗಿದಾಗ ನೀನೂ ಮಲಗು. ಶನಿವಾರ ಅಣ್ಣನ ಜೊತೆ ಹೊರಟು ಬರುತ್ತಿದ್ದೇನೆ, ಸಂಜೆಯೊಳಗೆ ಅಲ್ಲಿರುತ್ತೇವೆ.

ನಿನ್ನ
ತಂಗಿ